ಮಳೆ ಮುಗಿದ ಮೇಲಿನ ಕಪಾಟು: ಕರಾವಳಿಯಲ್ಲಿ ಬಾಳಿಕೆ ಬರುವ ಬಟ್ಟೆ ಆರಿಸುವುದು ಹೇಗೆ?

ನವರಾತ್ರಿ ಹತ್ತಿರ ಬಂತೆಂದರೆ ಮೊಬೈಲ್ ತುಂಬ ಬಟ್ಟೆಯದ್ದೇ ಜಾಹೀರಾತು. ಒಂದರ ಮೇಲೊಂದು ಹಾಕುವ ಜಾಕೆಟ್, ಉಣ್ಣೆಯ ಸ್ವೆಟರ್, ಮೊಣಕಾಲುದ್ದದ ಬೂಟು. ನೋಡಲು ಚಂದವೇ. ಆದರೆ ಅದನ್ನೆಲ್ಲ ಹಾಕಿಕೊಂಡು ಅಕ್ಟೋಬರ್ ಮಧ್ಯಾಹ್ನ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸುರತ್ಕಲ್ ಬಸ್ಸಿಗೆ ಕಾಯುವುದನ್ನು ಸುಮ್ನೆ ಊಹಿಸಿ ನೋಡಿ.

ನಮ್ಮ ಕಡೆಯ ಹವೆಯ ಲೆಕ್ಕವೇ ಬೇರೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಸುಡು ಬಿಸಿಲು, ಸಂಜೆ ಗುಡುಗು ಮಿಂಚು. ನವೆಂಬರ್ ಕಳೆಯುತ್ತ ಆಕಾಶ ಬಿಚ್ಚಿಕೊಳ್ಳುತ್ತದೆ. ಆಮೇಲೆ ಚಳಿ ಬರುತ್ತದೆ ಎಂದುಕೊಂಡರೆ, ಇಲ್ಲ. ಡಿಸೆಂಬರ್‌ನ ಹಗಲು ಜುಲೈಯ ಹಗಲಿಗಿಂತ ಬಿಸಿ. ಮಳೆಗಾಲದ ನಡುವೆ ಹಗಲು 28–29 ಡಿಗ್ರಿ ಇದ್ದರೆ, ಡಿಸೆಂಬರ್‌ನಲ್ಲಿ 32–33. ರಾತ್ರಿ ಮಾತ್ರ 21–22ಕ್ಕೆ ಇಳಿಯುತ್ತದೆ.

ಹಾಗಾಗಿ ಮೈ ಬೆಚ್ಚಗಿಡುವುದು ಇಲ್ಲಿ ಸಮಸ್ಯೆಯೇ ಅಲ್ಲ. ಬಟ್ಟೆ ಬೆವರು ಹೀರಬೇಕು. ದಿನ ಬಿಟ್ಟು ದಿನ ಒಗೆದರೂ ತಡೆಯಬೇಕು. ಬೇಗ ಒಣಗಬೇಕು. ಮುಂದಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಮಳೆಯಲ್ಲಿ, ಬೂಸ್ಟು ಹಿಡಿಯದೆ ಉಳಿಯಬೇಕು. ಕರಾವಳಿಯಲ್ಲಿ ಬಟ್ಟೆ ತೊಟ್ಟು ಸವೆಯುವುದಕ್ಕಿಂತ ನೀರಿಗೆ, ತೇವಕ್ಕೆ ಹಾಳಾಗುವುದೇ ಜಾಸ್ತಿ. ಕಡಿಮೆ ದುಡ್ಡಿನಲ್ಲಿ ಗಟ್ಟಿ ಬಟ್ಟೆ ಬೇಕೆಂದರೆ ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು.

ಅಂಗಡಿಗೆ ಮೊದಲು ಅಂಗಳಕ್ಕೆ

ಕೊಳ್ಳುವ ಮೊದಲು ಕಪಾಟು ಪೂರ್ತಿ ಖಾಲಿ ಮಾಡಿ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಎರಡು ದಿನ ಒಳ್ಳೆ ಬಿಸಿಲು ಸಿಗುತ್ತದಲ್ಲ, ಅದು ಇದಕ್ಕೇ. ಬಟ್ಟೆಗಳನ್ನು ಹೊರಗೆ ತಂದು ಕೊಡವಿ. ಮನೆಯೊಳಗೆ ಕೊಡವಬೇಡಿ, ಬೂಸ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ಮೂಗಿಗೊಂದು ಬೈರಾಸ್ (ಟವೆಲ್) ಕಟ್ಟಿಕೊಂಡರೆ ಒಳ್ಳೆಯದು.

ಬೂಸ್ಟಿನಲ್ಲಿ ಎರಡು ಬಗೆ ಕಾಣುತ್ತದೆ. ಬಿಳಿ ಅಥವಾ ಬೂದು ಪುಡಿಯ ಹಾಗೆ ಮೇಲೆ ಕೂತದ್ದು ಬ್ರಶ್ಶಿಗೆ, ಬಿಸಿಲಿಗೆ, ಒಂದು ಒಗೆತಕ್ಕೆ ಹೋಗುತ್ತದೆ. ಕರಿಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅದು ನೂಲಿನ ಒಳಗೇ ಇಳಿದ ಕಲೆ. ಏನು ಮಾಡಿದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ಮನೆಗೆಲಸಕ್ಕೋ ತೋಟಕ್ಕೋ ಇಳಿಸಿಬಿಡಿ.

ಗಾಳಿಯ ತೇವಾಂಶ ಶೇಕಡಾ 70 ದಾಟಿದ ಕಡೆ ಶಿಲೀಂಧ್ರಕ್ಕೆ ಬೆಳೆಯಲು ಬೇರೇನೂ ಬೇಡ, ತಿನ್ನಲು ಏನಾದರೂ ಇದ್ದರೆ ಸಾಕು. ನಮ್ಮಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಇನ್ನು ತಿನ್ನಲು ಹತ್ತಿ ನೂಲು, ಬೆವರು, ಮೈಯ ಎಣ್ಣೆಯ ಅಂಶ ಇದ್ದೇ ಇದೆ. ಎಲ್ಲಕ್ಕಿಂತ ಇಷ್ಟವಾದದ್ದು ಗಂಜಿ. ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಚಿಟ್ಟ ಸೀರೆ, ಪಂಚೆಗೇ ಮೊದಲು ಬೂಸ್ಟು ಬರುವುದು ಇದಕ್ಕೆ. ಒಮ್ಮೆ ಉಟ್ಟ ಅಂಗಿ, ಇನ್ನೊಮ್ಮೆ ಹಾಕಬಹುದು ಎಂದು ಒಳಗೆ ತೂಗುಹಾಕಿದ್ದಕ್ಕೂ ಅದೇ ಗತಿ.

ಬಟ್ಟೆ ವಿಂಗಡಿಸುವಾಗ ಯಾವುದು ಹೇಗೆ ಕೆಟ್ಟಿತು ಎಂದು ಸ್ವಲ್ಪ ಗಮನಿಸಿ. ಕಾಲರ್ ಸವೆದು ಕೆಟ್ಟಿದ್ದರೆ ಆ ಅಂಗಿ ತನ್ನ ಪಾಲಿನ ಕೆಲಸ ಮಾಡಿದೆ, ಅಂಥದ್ದೇ ಇನ್ನೊಂದು ತನ್ನಿ. ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದರೆ ಹೊಲಿಗೆ ಸರಿ ಇರಲಿಲ್ಲ, ಅಥವಾ ಬಿಗಿ ಇತ್ತು. ನಾಲ್ಕು ಒಗೆತಕ್ಕೆ ಜೋತುಬಿದ್ದು ಗಂಟುಗಂಟಾಗಿದ್ದರೆ ನೂಲೇ ಸರಿಯಿಲ್ಲ. ಹಾಕದೆಯೇ ಹಾಳಾದದ್ದು ಒಂದಷ್ಟು ಇರುತ್ತದೆ. ಅದು ಬೇಡದೆ ಕೊಂಡ ಬಟ್ಟೆ.

ಎಷ್ಟು ಜೊತೆ ಬೇಕು?

ಕಪಾಟಿನಲ್ಲಿ ಎಷ್ಟು ಬಟ್ಟೆ ಇರಬೇಕು ಎಂಬುದಕ್ಕೆ ಫ್ಯಾಷನ್ ಪುಸ್ತಕದ ಲೆಕ್ಕ ಬೇಡ. ಒಣಗುವುದಕ್ಕೆ ಎಷ್ಟು ದಿನ ಬೇಕು ಎಂಬ ಲೆಕ್ಕ ಸಾಕು. ಎರಡು ದಿನಕ್ಕೊಮ್ಮೆ ಒಗೆಯುತ್ತೀರಿ ಎಂದಿಟ್ಟುಕೊಳ್ಳಿ. ಒಗೆಯುವ ಬಕೆಟ್ಟಿಗೆ ಎರಡು, ಹಗ್ಗದ ಮೇಲೆ ಒಣಗಲು ಒಂದು ದಿನಕ್ಕೆ ಒಂದು, ಸಂಜೆ ಮಳೆಗೆ ನೆನೆದರೆ ಎಂದು ಇನ್ನೊಂದು. ನಾಲ್ಕಾಯಿತು. ಮಳೆಗಾಲದಲ್ಲಿ ಒಣಗಲು ಮೂರು ದಿನ ಹಿಡಿಯುತ್ತದೆ, ಆಗ ಆರು ಬೇಕು. ಅಂದರೆ ಕೆಲಸಕ್ಕೆ ಹಾಕುವ ಆರು ಒಳ್ಳೆಯ ಅಂಗಿ ಅಥವಾ ಕುರ್ತಾ ಇದ್ದರೆ ವರ್ಷ ಪೂರ್ತಿ ಸಾಗುತ್ತದೆ. ಕೆಳಗಿನದ್ದು, ಅಂದರೆ ಪ್ಯಾಂಟು, ಲೆಗಿನ್ಸ್, ಮೂರ್ನಾಲ್ಕು ಸಾಕು.

ಮೇಲಿನ ಆರೂ ಕೆಳಗಿನ ಎಲ್ಲದರ ಜೊತೆಗೂ ಹೊಂದಬೇಕು. ಇಲ್ಲದಿದ್ದರೆ ಒಂದು ಕುರ್ತಾ ಒಣಗದೆ ಅದರ ಪ್ಯಾಂಟು ಮೂಲೆಯಲ್ಲಿ ಕೂರುತ್ತದೆ. ಕೆಳಗಿನದ್ದನ್ನು ಎರಡೇ ಬಣ್ಣದಲ್ಲಿ ಇಟ್ಟುಕೊಂಡರೆ ಈ ತಲೆಬಿಸಿ ಇಲ್ಲ. ಯಾವ ಬಣ್ಣ? ನಮ್ಮ ಕೆಂಪು ಮಣ್ಣನ್ನು ಕೇಳಿ. ಮಳೆ ನಿಂತರೂ ಅಕ್ಟೋಬರ್ ಪೂರ್ತಿ ರಸ್ತೆ ಬದಿಯ ಕೆಸರು ಪ್ಯಾಂಟಿನ ಅಂಚಿಗೆ ಹಾರುತ್ತದೆ. ಕಂದು, ಕಡು ನೀಲಿ, ಖಾಕಿ ಒಳ್ಳೆಯದು. ಖಾಕಿ ಬಣ್ಣ ಹುಟ್ಟಿದ್ದೇ ಬಾಸೆಲ್ ಮಿಷನ್‌ನವರ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಮಣ್ಣು ಹಾರಿದ್ದು ಕಾಣದಿರಲಿ ಎಂದು ಯಾರಾದರೂ ಇಲ್ಲೇ ಯೋಚಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಅಂದಹಾಗೆ, ಕೆಸರು ಹಾರಿದ ಕೂಡಲೇ ನೀರು ಹಾಕಿ ಉಜ್ಜಬೇಡಿ. ಒಣಗಲು ಬಿಟ್ಟು ಬ್ರಶ್ಶಿನಿಂದ ಉದುರಿಸಿ, ಆಮೇಲೆ ಒಗೆಯಿರಿ. ಹಸಿ ಮಣ್ಣನ್ನು ಉಜ್ಜಿದಷ್ಟೂ ಅದು ನೂಲಿನೊಳಗೆ ಸೇರುತ್ತದೆ.

ನೂಲಿನ ಗುಣ

"ಪ್ಯೂರ್ ಕಾಟನ್ ಅಕ್ಕ, ಬೇಕಾದ್ರೆ ಮುಟ್ಟಿ ನೋಡಿ." ಅಂಗಡಿಯಲ್ಲಿ ಈ ಮಾತು ಕೇಳದವರು ಯಾರು? ಮುಟ್ಟಿದರೆ ನಿಜಕ್ಕೂ ತಣ್ಣಗೆ, ಮೆತ್ತಗೆ ಇರುತ್ತದೆ. ಆದರೆ ಅದು ಹತ್ತಿ ಆಗಿರಲೇಬೇಕೆಂದಿಲ್ಲ. ಕಡಿಮೆ ಬೆಲೆಯ ಕುರ್ತಿಗಳಲ್ಲಿ ಈಗ ರೇಯಾನ್ ಬಹಳ. ವಿಸ್ಕೋಸ್ ಎಂದು ಲೇಬಲ್‌ನಲ್ಲಿ ಬರೆದಿದ್ದರೂ ಅದೇ.

ರೇಯಾನ್ ಮರದ ತಿರುಳಿನಿಂದ ಮಾಡುವ ನೂಲು. ಬೆವರು ಹೀರುವುದರಲ್ಲಿ ಹತ್ತಿಗಿಂತ ಒಂದು ಕೈ ಮೇಲೆಯೇ. ಬಣ್ಣ ಚೆನ್ನಾಗಿ ಕೂರುತ್ತದೆ, ಜೋಲು ಚಂದ. ಇಷ್ಟೆಲ್ಲ ಇದ್ದೂ ಒಂದು ದೋಷ. ಒದ್ದೆಯಾದಾಗ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತಿ ಉಲ್ಟಾ. ಒದ್ದೆಯಾದಾಗ ಹತ್ತಿ ನೂಲು ಒಣ ನೂಲಿಗಿಂತ ಗಟ್ಟಿ. ಒಗೆಯುವ ಕಲ್ಲಿನ ಮೇಲೆ ಹತ್ತಿ ಬಟ್ಟೆಯನ್ನು ಎತ್ತಿ ಎತ್ತಿ ಬಡಿದರೂ ತಡೆದುಕೊಳ್ಳುವುದು ಇದಕ್ಕೇ. ಅದೇ ಕಲ್ಲಿನ ಮೇಲೆ ರೇಯಾನ್ ಕುರ್ತಿ ಹಾಕಿ ನೋಡಿ, ಆರು ತಿಂಗಳಲ್ಲಿ ಕಂಕುಳ, ಮೊಣಕೈ ಬಳಿ ಜಾಳಾಗುತ್ತದೆ. ದಿನ ಬಿಟ್ಟು ದಿನ ಒಗೆಯುವ, ದಿನವಿಡೀ ಬೆವರಿಗೆ ಒದ್ದೆಯಾಗಿರುವ ನಮ್ಮ ಊರಿಗೆ ಇದು ಸರಿಯಾದ ನೂಲಲ್ಲ. ವರ್ಷಕ್ಕೆ ನಾಲ್ಕು ಸಲ ಹಾಕುವ ಬಟ್ಟೆಯಾದರೆ ಅಡ್ಡಿಯಿಲ್ಲ.

ಕಂಡುಹಿಡಿಯುವುದು ಹೇಗೆ? ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಹೊಲಿಗೆಯ ಒಳಗೆ ಬಿಟ್ಟ ಬಟ್ಟೆ, ಅಂದರೆ ಮಾರ್ಜಿನ್‌ನಿಂದ ಒಂದು ಎಳೆ ಎಳೆದುಕೊಳ್ಳಿ. ಬಟ್ಟೆಯ ಎಳೆಯೇ ಬೇಕು, ಹೊಲಿಗೆಯ ದಾರ ಬೇಡ, ಅದು ಸಾಮಾನ್ಯವಾಗಿ ಪಾಲಿಯೆಸ್ಟರ್ ಆಗಿರುತ್ತದೆ. ಬೆಂಕಿಕಡ್ಡಿಗೆ ಹಿಡಿದರೆ ಪಾಲಿಯೆಸ್ಟರ್ ಕರಗಿ, ಕಪ್ಪು ಗಟ್ಟಿ ಮಣಿಯಾಗಿ ಉಳಿಯುತ್ತದೆ. ಹತ್ತಿ ಕಾಗದ ಉರಿದ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತದೆ. ರೇಯಾನ್ ಕೂಡ ಹಾಗೇ ಉರಿಯುವುದರಿಂದ ಬೆಂಕಿ ಇಲ್ಲಿ ಉಪಯೋಗಕ್ಕಿಲ್ಲ. ಆಗ ಇನ್ನೊಂದು ಎಳೆ ತೆಗೆದು ನಡುವೆ ಮಾತ್ರ ಬೆರಳಿನಿಂದ ನೀರು ಹಚ್ಚಿ, ಎರಡೂ ತುದಿ ಹಿಡಿದು ಎಳೆಯಿರಿ. ರೇಯಾನ್ ಆದರೆ ಒದ್ದೆಯಾದ ಕಡೆಯೇ ಪಟ್ಟನೆ ತುಂಡಾಗುತ್ತದೆ. ಹತ್ತಿಯಾದರೆ ಒಣಗಿದ ಕಡೆ ತುಂಡಾದೀತು, ಒದ್ದೆ ಕಡೆ ಅಲ್ಲ. ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರಲು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ನೀರಿನ ಪರೀಕ್ಷೆಗೆ ಯಾರ ಅಪ್ಪಣೆಯೂ ಬೇಡ. ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಳ್ಳುವಾಗಲಂತೂ ಅಂಚಿನಲ್ಲಿ ಎಳೆಗಳು ಬಿಚ್ಚಿಕೊಂಡೇ ಇರುತ್ತವೆ.

ಪಾಲಿಯೆಸ್ಟರ್ ವಿಷಯ ಸ್ವಲ್ಪ ಬೇರೆ. ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಅದಕ್ಕೇ ಅದು ಬೇಗ ಒಣಗುತ್ತದೆ, ಅದಕ್ಕೇ ಬೆವರು ಮೈಗೆ ಅಂಟಿಕೊಳ್ಳುತ್ತದೆ. ಮೈಯ ಎಣ್ಣೆಯನ್ನು ಮಾತ್ರ ಬಿಡದೆ ಹಿಡಿದುಕೊಳ್ಳುತ್ತದೆ. ಒಗೆದ ಮೇಲೂ ಕಂಕುಳ ವಾಸನೆ ಉಳಿಯುವುದು ಈ ಕಾರಣಕ್ಕೆ. ಮೈಗೆ ತಾಗುವ ಅಂಗಿಗೆ ಬೇಡ. ಆದರೆ ಪ್ಯಾಂಟಿಗೆ ನಾನು ಟೆರಿಕಾಟ್ ಪರ. ಹಳೆಯ ಕಾಲದ್ದು, ಶಾಲೆಯ ಯೂನಿಫಾರ್ಮಿನದ್ದು ಎಂದು ಮೂಗು ಮುರಿಯುವವರು ಮುರಿಯಲಿ. ಪಾಲಿಯೆಸ್ಟರ್ ಮತ್ತು ಹತ್ತಿ ಸೇರಿದ ಆ ಬಟ್ಟೆ ಬೇಗ ಒಣಗುತ್ತದೆ, ಮಡಿಕೆ ನಿಲ್ಲುತ್ತದೆ, ವರ್ಷಗಟ್ಟಲೆ ಬರುತ್ತದೆ. ಕರಾವಳಿಯ ಆಫೀಸಿಗೆ ಅದಕ್ಕಿಂತ ಲಾಭದ ಪ್ಯಾಂಟು ಇಲ್ಲ.

ಲಿನನ್ ಒಳ್ಳೆಯದೇ, ಬೆಲೆ ಜಾಸ್ತಿ. ಜೀನ್ಸ್ ಬೇಕೆನಿಸಿದರೆ ತೆಳು ಬಟ್ಟೆಯದ್ದು ನೋಡಿ. ದಪ್ಪ ಡೆನಿಮ್ ಅಕ್ಟೋಬರ್‌ನ ಮೋಡದಲ್ಲಿ ಸೊಂಟದ ಪಟ್ಟಿಯ ಹತ್ತಿರ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಎಳೆದರೆ ಹಿಗ್ಗುವ ಜೀನ್ಸ್‌ನಲ್ಲಿರುವ ಇಲಾಸ್ಟಿಕ್ ನೂಲಿಗೆ ಬಿಸಿ ಆಗಿಬರುವುದಿಲ್ಲ. ಸುಡು ಬಿಸಿಲಿಗೆ, ಬಿಸಿ ಇಸ್ತ್ರಿಗೆ ಬಿದ್ದಷ್ಟೂ ಅದು ಬೇಗ ಸಡಿಲಾಗಿ ಮೊಣಕಾಲು ಉಬ್ಬಿಕೊಳ್ಳುತ್ತದೆ.

ಅಂಗಿಯನ್ನು ಉಲ್ಟಾ ಮಾಡಿ ನೋಡಿ

ರೆಡಿಮೇಡ್ ಅಂಗಿಯ ಹೊರಭಾಗ ಎಲ್ಲ ಅಂಗಡಿಯಲ್ಲೂ ಚಂದವೇ. ಒಳಮೈ ಸುಳ್ಳು ಹೇಳುವುದಿಲ್ಲ. ಕೈಗೆ ತೆಗೆದುಕೊಂಡು ಮೊದಲು ಉಲ್ಟಾ ಮಾಡಿ. ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳಿನ ಮೇಲಿನ ಗೆಣ್ಣು ಇಡಿ. ಅದು ಹೆಚ್ಚುಕಡಿಮೆ ಒಂದು ಇಂಚು. ಅಷ್ಟರಲ್ಲಿ 10–12 ಹೊಲಿಗೆ ಇದ್ದರೆ ಒಳ್ಳೆಯದು. ಏಳೆಂಟೇ ಇದ್ದರೆ ಹೊಲಿದವರಿಗೆ ಅವಸರ ಇತ್ತು ಎಂದರ್ಥ. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಹೊಲಿಗೆಯ ನಡುವೆ ಬೆಳಕು ಕಂಡರೆ ವಾಪಸ್ ಇಡಿ.

ಆಮೇಲೆ ಮಾರ್ಜಿನ್ ನೋಡಿ. ಓವರ್‌ಲಾಕ್ ಮಾಡಿದ ಅಂಚು ಹೊಲಿಗೆಗೆ ಅಂಟಿಕೊಂಡೇ ಇದ್ದರೆ ಮುಂದೆ ಬಿಚ್ಚಿ ಸಡಿಲ ಮಾಡುವುದಕ್ಕೆ ಆಗುವುದಿಲ್ಲ. ಅರ್ಧ ಇಂಚಾದರೂ ಒಳಗೆ ಬಟ್ಟೆ ಇದ್ದರೆ ಆ ಉಡುಪಿಗೆ ಎರಡು ವರ್ಷ ಆಯುಷ್ಯ ಜಾಸ್ತಿ. ಕಾಜಾದ ದಾರ ಬಿಚ್ಚಿಕೊಂಡಿದೆಯಾ, ಗುಂಡಿ ಅಲುಗುತ್ತದಾ, ಚೌಕುಳಿ ಅಂಗಿಯಾದರೆ ಪಕ್ಕದಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಗೆರೆ ಕೂಡಿಸಲು ಬಟ್ಟೆ ಜಾಸ್ತಿ ಬೇಕು, ಸಮಯವೂ ಬೇಕು. ಅಷ್ಟು ಮಾಡಿದವರು ಉಳಿದದ್ದನ್ನೂ ಸರಿಯಾಗಿಯೇ ಮಾಡಿರುತ್ತಾರೆ.

ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನೇಯ್ಗೆ ಒಂದೇ ಸಮ ಕಾಣಬೇಕು. ಕೆಲವು ಬಟ್ಟೆ ಅಂಗಡಿಯಲ್ಲಿ ಗರಿಗರಿ ಇದ್ದು, ಮೊದಲ ಒಗೆತಕ್ಕೆ ಚಿಂದಿಯಾಗುತ್ತದೆ. ಅದರಲ್ಲಿ ತುಂಬಿದ್ದು ಗಂಜಿ. ಮೂಲೆಯೊಂದನ್ನು ಎರಡು ಬೆರಳಲ್ಲಿ ಜೋರಾಗಿ ಉಜ್ಜಿದರೆ ಬಿಳಿ ಪುಡಿ ಬರುತ್ತದೆ, ಬಟ್ಟೆ ಅಲ್ಲಿ ಮಾತ್ರ ಮೆತ್ತಗಾಗುತ್ತದೆ.

ತೆರಿಗೆಯದ್ದೂ ಒಂದು ಸಣ್ಣ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಒಂದು ಉಡುಪಿಗೆ ಜಿಎಸ್‌ಟಿ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. 2,700ರ ಅಂಗಿಗೂ 2,400ರ ಅಂಗಿಗೂ ಗುಣದಲ್ಲಿ ವ್ಯತ್ಯಾಸ ಕಾಣದಿದ್ದರೆ, ಮೇಲಿನ ದುಡ್ಡಿನಲ್ಲಿ ಒಂದು ಪಾಲು ಹೋಗುವುದು ತೆರಿಗೆಗೇ.

ಟೈಲರ್ ಹತ್ತಿರ

ಬಜೆಟ್ ಎಂದ ಕೂಡಲೇ ಎಲ್ಲರೂ ಆನ್‌ಲೈನ್ ಸೇಲ್ ನೋಡುತ್ತಾರೆ. ನನಗೆ ಮಾತ್ರ ರಥಬೀದಿಯ ಹಳೆಯ ಬಟ್ಟೆ ಅಂಗಡಿ ಮತ್ತು ಮನೆ ಹತ್ತಿರದ ಟೈಲರ್ ಇವೆರಡೇ ಅಗ್ಗ ಎನಿಸುವುದು. ಹೊಲಿಗೆಯ ಕೂಲಿ ಸೇರಿಸಿದರೆ ಮೊದಲ ದಿನ ರೆಡಿಮೇಡ್‌ಗಿಂತ ಸ್ವಲ್ಪ ಜಾಸ್ತಿಯೇ ಆಗಬಹುದು. ಆದರೆ ನೂಲು ನಿಮ್ಮ ಆಯ್ಕೆ, ಅಳತೆ ನಿಮ್ಮದು, ಮಾರ್ಜಿನ್ ನಿಮ್ಮ ಮಾತು.

ಗಂಡಸರ ಅಂಗಿಗೆ 36 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಎರಡೂಕಾಲು ಮೀಟರ್ ಹತ್ತಿರ ಬೇಕು. 58 ಇಂಚಿನದ್ದಾದರೆ ಒಂದೂವರೆಯಿಂದ ಒಂದೂಮುಕ್ಕಾಲು. ಮೀಟರಿನ ಬೆಲೆ ಮಾತ್ರ ನೋಡಿ ಇದು ಅಗ್ಗ, ಅದು ದುಬಾರಿ ಎನ್ನಬೇಡಿ. ಪನ್ನ ಕೇಳಿ, ಅಂಗಿಯೊಂದಕ್ಕೆ ಎಷ್ಟಾಯಿತು ಎಂದು ಲೆಕ್ಕ ಹಾಕಿ.

ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕೊಡಿ. ಮೀಟರಿಗೆ ಮೂರ್ನಾಲ್ಕು ಸೆಂಟಿಮೀಟರ್ ಕುಗ್ಗುವುದು ಮಾಮೂಲು. ಅದು ಟೈಲರ್ ಕತ್ತರಿಸಿದ ಮೇಲೆ ಕುಗ್ಗಿದರೆ ತೋಳು ಗಿಡ್ಡ, ಎದೆ ಬಿಗಿ. ಆಮೇಲೆ ಟೈಲರನ್ನು ಬೈದು ಪ್ರಯೋಜನ ಇಲ್ಲ.

ಅಳತೆ ಕೊಡುವಾಗ, "ಅಣ್ಣ, ಒಳಗೆ ಒಂದು ಇಂಚು ಬಿಡಿ, ಕಂಕುಳಿಗೆ ಎರಡು ಸಲ ಹೊಲಿಗೆ ಹಾಕಿ" ಎಂದು ಹೇಳಿ. ಅವರು "ಆಯ್ತು ಮಾರ್ರೆ" ಎಂದು ತಲೆಯಾಡಿಸಿ ಮರೆಯುವ ಸಾಧ್ಯತೆಯೂ ಇದೆ. ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಬರೆಸಿಬಿಡಿ. ಅಂಗಿ ಸ್ವಲ್ಪ ಸಡಿಲ ಇರಲಿ. ಮೈಗೂ ಬಟ್ಟೆಗೂ ನಡುವೆ ಗಾಳಿ ಆಡಿದರೆ ಬೆವರು ಕಡಿಮೆ ಹಿಡಿಯುತ್ತದೆ, ಕಂಕುಳ ಬೇಗ ಹರಿಯುವುದಿಲ್ಲ.

ಊರಿನ ಸೀರೆ

ಕರಾವಳಿಯ ಹವೆಗೆ ಯಾವ ಬಟ್ಟೆ ಸರಿ ಎಂಬುದನ್ನು ಇಲ್ಲಿನ ನೇಕಾರರು ಯಾವತ್ತೋ ತೀರ್ಮಾನ ಮಾಡಿದ್ದಾರೆ. ಉಡುಪಿ ಸೀರೆ ಎಂದು ಹೆಸರಾದ ಕೈಮಗ್ಗದ ಹತ್ತಿ ಸೀರೆ ಅದು. ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಇದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಂಥ ಕಡೆ ಇವತ್ತಿಗೂ ಮಗ್ಗದ ಸದ್ದು ಕೇಳುತ್ತದೆ. ನಿಂತೇಹೋಗುತ್ತಿದ್ದ ಈ ನೇಯ್ಗೆಯನ್ನು ಎತ್ತಿ ನಿಲ್ಲಿಸುವ ಕೆಲಸದಲ್ಲಿ ಕದಿಕೆ ಟ್ರಸ್ಟ್ ಕೂಡ ಇದೆ. ಅಡಿಕೆ ಬೇಯಿಸಿದಾಗ ಬರುವ ಚೊಗರಿನಂಥ ಊರಿನದ್ದೇ ಬಣ್ಣ ಹಾಕಿದ ಸೀರೆಗಳೂ ಸಿಗುತ್ತವೆ.

ಅಲ್ಲಿ ಹೋದರೆ "ಎಷ್ಟು ನಂಬರಿನ ನೂಲು?" ಎಂದು ಕೇಳಿ. ಒಂದು ಪೌಂಡ್ ಹತ್ತಿಯಿಂದ 840 ಗಜದ ಎಷ್ಟು ಲಡಿ ಬರುತ್ತದೆ ಎಂಬುದೇ ಈ ನಂಬರ್. 40 ಎಂದರೆ 40 ಲಡಿ, 80 ಎಂದರೆ 80. ಅಷ್ಟೇ ಹತ್ತಿ ಇನ್ನೂ ಉದ್ದ ಬಂತು ಎಂದರೆ ನೂಲು ಅಷ್ಟು ಸಪೂರ. 80ರ ಸೀರೆ ಹಗುರ, ಬೇಗ ಒಣಗುತ್ತದೆ, ಬೆಲೆ ಜಾಸ್ತಿ. ದಿನವೂ ಉಡುವವರಿಗೆ, ಬಸ್ಸಿನಲ್ಲಿ ನೂಕುನುಗ್ಗಲಿನಲ್ಲಿ ಓಡಾಡುವವರಿಗೆ 40ರದ್ದು ಗಟ್ಟಿ. ಇದು ಸೀರೆಗೆ ಮಾತ್ರ ಅಲ್ಲ, ಪಂಚೆಗೂ ಅಂಗಿ ಬಟ್ಟೆಗೂ ಇದೇ ಲೆಕ್ಕ.

ಗಂಡಸರಿಗೆ ಹಬ್ಬದ ಬಟ್ಟೆ ಎಂದು ಸಾವಿರಾರು ರೂಪಾಯಿಯ ಶೇರ್ವಾನಿ ಯಾಕೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಉಡುಪಿ ಕೃಷ್ಣ ಮಠದಲ್ಲೂ ಇಲ್ಲಿನ ಹಲವು ದೇವಸ್ಥಾನಗಳಲ್ಲೂ ಹೇಗೂ ಅಂಗಿ ಕಳಚಬೇಕು. ಒಂದು ಒಳ್ಳೆಯ ಪಂಚೆ, ಒಂದು ಶಲ್ಯ, ಒಂದು ಬಿಳಿ ಅಂಗಿ ಇದ್ದರೆ ಮದುವೆ, ಪೂಜೆ, ದೈವದ ನೇಮ ಎಲ್ಲ ಮುಗಿಯಿತು.

ರಾತ್ರಿಯ ಚಳಿಗೆ

ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ಹೊರಡುತ್ತವೆ. ಕೋಲ, ನೇಮ ಶುರು. ಕಂಬಳದ ಗದ್ದೆಯಲ್ಲಿ ಬೆಳಗಿನ ಜಾವದವರೆಗೂ ಜನ. ಕರಾವಳಿಯವರಿಗೆ ನಿಜವಾಗಿ ಚಳಿ ತಾಗುವುದು ಇಂಥ ಕಡೆ ಮಾತ್ರ. ಇಬ್ಬನಿ ಬೀಳುವ ಬಯಲಲ್ಲಿ ರಾತ್ರಿ ಕೂರಲು ಒಂದು ತುಂಬುತೋಳಿನ ಹತ್ತಿ ಅಂಗಿ, ಅದರ ಮೇಲೊಂದು ತೆಳು ಶಾಲು ಸಾಕು. ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಒಳ್ಳೆಯದು. ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುತ್ತದೆ, ಸೆಖೆ ಎನಿಸಿದರೆ ಒಂದನ್ನು ತೆಗೆಯಬಹುದು, ಒಗೆದರೆ ಎರಡೂ ಬೇಗ ಒಣಗುತ್ತವೆ. ಬೆಂಗಳೂರಿನ ರಾತ್ರಿ ಬಸ್ಸಿನ ಏಸಿಗೂ ಇದೇ ಶಾಲು.

ಜಾಕೆಟ್ ಮನೆಗೆ ಒಂದಿರಲಿ. ಆಗುಂಬೆ, ಕುದುರೆಮುಖದ ಕಡೆ ಹೋಗುವವರು ಹಾಕಿಕೊಂಡು ಹೋಗಲಿ. ವರ್ಷದಲ್ಲಿ ಹನ್ನೊಂದು ತಿಂಗಳು ಕಪಾಟಿನಲ್ಲಿ ಬೂಸ್ಟು ಹಿಡಿಯುವ ವಸ್ತುವನ್ನು ತಲೆಗೊಂದರಂತೆ ಕೊಳ್ಳುವುದು ಬೇಡ.

ಚಪ್ಪಲಿ, ಶೂ

ಒಂದು ವಿಚಿತ್ರ ನೀವೂ ನೋಡಿರಬಹುದು. ಎರಡೋ ಮೂರೋ ಸಲ ಹಾಕಿ ಜೋಪಾನವಾಗಿ ಇಟ್ಟ ಶೂ. ವರ್ಷ ಕಳೆದು ಮದುವೆಗೆಂದು ಹಾಕಿಕೊಂಡು ಹೊರಟರೆ, ಹಾಲ್‌ನ ಮೆಟ್ಟಿಲು ಹತ್ತುವಷ್ಟರಲ್ಲಿ ಸೋಲ್ ಚೂರುಚೂರಾಗಿ ಉದುರುತ್ತದೆ. ಮೋಸದ ಮಾಲು ಎಂದು ಬೈಯುತ್ತೇವೆ. ಮೋಸವೇ ಆಗಬೇಕೆಂದಿಲ್ಲ. ಪಾಲಿಯುರೇಥೇನ್ ಎಂಬ ಹಗುರ ಪ್ಲಾಸ್ಟಿಕ್ಕಿನಿಂದ ಮಾಡಿದ ಸೋಲ್ ಗಾಳಿಯ ತೇವದಿಂದಲೇ ಒಳಗೊಳಗೆ ಒಡೆಯುತ್ತ ಬರುತ್ತದೆ. ಹಾಕಿದರೂ ಹಾಕದಿದ್ದರೂ ಅದು ನಡೆದೇ ಇರುತ್ತದೆ. ನಮ್ಮಂಥ ಊರಲ್ಲಿ ಇನ್ನೂ ಬೇಗ.

ಸೋಲ್ ರಬ್ಬರಿನದ್ದೋ ಇವಿಎ ಸ್ಪಂಜಿನದ್ದೋ ಎಂದು ಕೇಳಿಯೇ ಕೊಳ್ಳಿ. ಬಾಕ್ಸಿನ ಮೇಲೆ ಪಿಯು (ಅದೇ ಪಾಲಿಯುರೇಥೇನ್) ಎಂದಿದ್ದರೆ ಅದು ದಿನಾ ಹಾಕಿ ಒಂದೆರಡು ವರ್ಷದಲ್ಲಿ ಮುಗಿಸುವ ಶೂ, ಎತ್ತಿಡುವ ಶೂ ಅಲ್ಲ. ಚರ್ಮದ್ದಾದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಹಳೆಯ ಪೇಪರ್ ತುರುಕಿ ಗಾಳಿಯಾಡುವ ಕಡೆ ಇಡಿ, ಪೇಪರ್ ಆಗಾಗ ಬದಲಾಯಿಸಿ.

ಒಗೆಯುವುದು, ಇಡುವುದು

ಬಾವಿ ಅಥವಾ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಬಿಳಿ ಬಟ್ಟೆ ನಿಧಾನಕ್ಕೆ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆಗ ಬ್ಲೀಚಿಂಗ್ ಹಾಕಿದರೆ ಇನ್ನೂ ಕೆಂಪಾಗುತ್ತದೆ. ಬ್ಲೀಚಿಂಗ್ ಆ ಕಬ್ಬಿಣವನ್ನು ತುಕ್ಕು ಮಾಡಿಬಿಡುತ್ತದೆ. ತುಕ್ಕಿಗೆ ಬೇಕಾದ್ದು ಹುಳಿ. ಹಿತ್ತಲಲ್ಲಿ ಬಿಂಬುಳಿ ಮರ ಇದ್ದರೆ ಎರಡು ಕಾಯಿ ಜಜ್ಜಿ ಕಲೆಯ ಮೇಲೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಲಿಂಬೆಯೂ ಆದೀತು. ಬಣ್ಣದ ಬಟ್ಟೆಯಾದರೆ ಮೊದಲು ಒಳ ಅಂಚಿನಲ್ಲಿ ಹಚ್ಚಿ ನೋಡಿ. ಬಾಳೆಯ ಕಲೆ, ಗೇರುಹಣ್ಣಿನ ಕಲೆಗೆ ಮಾತ್ರ ನನಗೆ ಗೊತ್ತಿರುವ ಮದ್ದು ಒಂದೇ: ತೋಟಕ್ಕೆ ಹಳೆ ಅಂಗಿ ಹಾಕಿಕೊಂಡು ಹೋಗುವುದು.

ಬಣ್ಣದ ಬಟ್ಟೆಯನ್ನು ಉಲ್ಟಾ ಮಾಡಿ ಒಣಗಿಸಿ. ನವೆಂಬರ್ ಬಿಸಿಲಿಗೆ ಕಡು ಬಣ್ಣ ಹೆಗಲ ಮೇಲೆ ಮೊದಲು ಮಾಸುತ್ತದೆ. ಎತ್ತಿಡುವ ಬಟ್ಟೆಯಿಂದ ಗಂಜಿ ತೊಳೆದು, ಪೂರ್ತಿ ಒಣಗಿದ ಮೇಲೆ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ತೇವ ಒಳಗೇ ಕೂರುತ್ತದೆ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಸ್ಟಿಗಲ್ಲ. ಸಣ್ಣ ಮಗುವಿನ ಬಟ್ಟೆಯ ಜೊತೆ ಅದನ್ನು ಇಡಲೇಬೇಡಿ. ಕಪಾಟು ಗೋಡೆಗೆ ತಾಗಿಕೊಂಡಿದ್ದರೆ ನಾಲ್ಕು ಬೆರಳು ಮುಂದೆ ಎಳೆಯಿರಿ. ಮಳೆಗಾಲದಲ್ಲಿ ಗೋಡೆಯ ತೇವ ಹಿಂಬದಿಯಿಂದಲೇ ಬರುವುದು.

ದುಡ್ಡು ಮತ್ತು ಸಮಯ

ಬೆಲೆ ನೋಡುವಾಗ ಒಂದು ಸಲ ಹಾಕಿದ್ದಕ್ಕೆ ಎಷ್ಟು ಬಿತ್ತು ಎಂದು ನೋಡಿ. 400 ರೂಪಾಯಿಯ ಕುರ್ತಿ 20 ಸಲಕ್ಕೆ ಮುಗಿದರೆ ಸಲಕ್ಕೆ 20 ರೂಪಾಯಿ. 900 ರೂಪಾಯಿಯ ಹತ್ತಿ ಕುರ್ತಾ 90 ಸಲ ಬಂದರೆ 10 ರೂಪಾಯಿ. ಈ ಲೆಕ್ಕದಲ್ಲಿ 3,000ದ ಒಂದೇ ಸಲದ ಲೆಹೆಂಗಾ ಎಲ್ಲಕ್ಕಿಂತ ದುಬಾರಿ. ಅಂಥದ್ದನ್ನು ಅಕ್ಕತಂಗಿಯರ ಹತ್ತಿರ ಕೇಳಿ ಉಟ್ಟರೆ ಮರ್ಯಾದೆಯೇನೂ ಹೋಗುವುದಿಲ್ಲ, ಅಲ್ವಾ?

ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳ ಹತ್ತಿರ ಈ ಸಲಕ್ಕೆ 7,000 ರೂಪಾಯಿ ಇದೆ ಎಂದುಕೊಳ್ಳೋಣ. ಬಟ್ಟೆ, ಹೊಲಿಗೆ ಸೇರಿ 800ರಂತೆ ಮೂರು ಹತ್ತಿ ಕುರ್ತಾಕ್ಕೆ 2,400. ಎರಡು ಪ್ಯಾಂಟಿಗೆ 1,000. ರಬ್ಬರ್ ಸೋಲಿನ ಚಪ್ಪಲಿಗೆ 700. ತೆಳು ಶಾಲಿಗೆ 400. ಉಳಿದ 2,500 ಒಂದು ಕೈಮಗ್ಗದ ಸೀರೆಗೆ ಎತ್ತಿಡಬಹುದು. ಹಳೆಯ ಮೂರು ಕುರ್ತಾ ಗಟ್ಟಿ ಇದ್ದರೆ ಆರು ತುಂಬಿತು. ಮುಂದಿನ ವರ್ಷ ಸೀರೆ ಬೇಡ, ಆ ದುಡ್ಡಿಗೆ ಸವೆದದ್ದರ ಬದಲಿಗೆ ಬೇರೆ ಬಂತು. ಒಂದೇ ವರ್ಷ ಎಲ್ಲ ಕೊಳ್ಳಲು ಹೊರಟರೆ ಎಲ್ಲವೂ ಅಗ್ಗದ್ದೇ ಆಗುತ್ತದೆ.

ಇನ್ನು ಯಾವಾಗ ಕೊಳ್ಳುವುದು? ದೀಪಾವಳಿಯ ಹಿಂದಿನ ವಾರ ಖಂಡಿತ ಬೇಡ. ಆಟಿಯಲ್ಲಿ ಶುಭಕಾರ್ಯ ಇಲ್ಲ, ಅಂಗಡಿಗಳಲ್ಲಿ ಜನ ಇಲ್ಲ, ಅದಕ್ಕೇ ಊರೆಲ್ಲ ಆಟಿ ಸೇಲ್. ಮೀಟರ್ ಬಟ್ಟೆ ಆಗ ಕೊಂಡಿಡಿ. ಟೈಲರ್ ಕೂಡ ಆಗ ಬಿಡುವಾಗಿರುತ್ತಾರೆ, ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟು ವ್ಯವಧಾನ ಇರುತ್ತದೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಮಳಿಗೆಗಳಲ್ಲಿ ರಿಯಾಯಿತಿ ಬರುತ್ತದೆ. ಅಂಗಿ ಬಟ್ಟೆ, ಶಾಲು, ಪಂಚೆ ಅಲ್ಲಿ ನೋಡಿ. ಆದರೆ ಆ ಹೊತ್ತಿಗೆ ಟೈಲರ್ ಕೈಯಲ್ಲಿ ದಸರಾದ್ದೇ ರಾಶಿ ಇರುತ್ತದೆ. ಅಲ್ಲಿ ಕೊಂಡ ಬಟ್ಟೆಯನ್ನು ನೆನೆಸಿ, ಒಣಗಿಸಿ, ದೀಪಾವಳಿ ಕಳೆದ ಮೇಲೆ ಹೊಲಿಯಲು ಕೊಟ್ಟರೆ ಸಾಕು.